ನೆರಳಿನ ಚಹಾ: ರುಚಿಯೂ ಉಷ್ಣತೆಯೂ

ಕುದಿಯುವ ನೀರಿಗೆ ಸೊಪ್ಪನ್ನು ಹಾಕಿದರೆ ಚಹಾ ಸಿದ್ಧವಾಗುವುದೆಂಬುದು ನಮ್ಮೆಲ್ಲರ ರೂಢಿ. ಆದರೆ ಜಪಾನಿನ ‘ಗ್ಯೊಕುರೊ’ ಎಂಬ ಹಸಿರು ಚಹಾವನ್ನು ಹೀಗೆ ತಯಾರಿಸಿದರೆ, ಬೆಳೆಗಾರನ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತಾಗುತ್ತದೆ. ಇದಕ್ಕೆ ಕಾರಣವೇನು?

ಗ್ಯೊಕುರೊ ಎಂದರೆ ‘ರತ್ನದ ಇಬ್ಬನಿ’. ೧೮೩೫ರಲ್ಲಿ ಯಮಮೊಟೊ ಕಹೇಯಿ ಎಂಬ ವರ್ತಕನು ಇದನ್ನು ಉಜಿ ಪ್ರಾಂತದಲ್ಲಿ ಮೊದಲು ತಯಾರಿಸಿದನೆಂದು ಪ್ರತೀತಿ. ಜಪಾನಿನ ಒಟ್ಟು ಚಹಾದಲ್ಲಿ ಇದರ ಪಾಲು ಶೇಕಡಾ ಒಂದಕ್ಕಿಂತಲೂ ಕಡಮೆ. ಕೊಯ್ಲಿಗೆ ಸುಮಾರು ೨೦ ದಿನ ಮುಂಚೆಯೇ ತೋಟಕ್ಕೆ ಚಪ್ಪರ ಕಟ್ಟಿ, ಹುಲ್ಲನ್ನೋ ಕಪ್ಪು ಬಟ್ಟೆಯನ್ನೋ ಹೊದಿಸಿ ಬಿಸಿಲನ್ನು ತಡೆಯುತ್ತಾರೆ.

ಈ ನೆರಳೇ ರುಚಿಯ ಮೂಲ. ಚಹಾಗಿಡದ ಬೇರಿನಲ್ಲಿ ಥಿಯನೀನ್ ಎಂಬ ಅಮೈನೋ ಆಮ್ಲವು ಉತ್ಪನ್ನವಾಗಿ ಎಲೆಗಳಿಗೆ ಏರುತ್ತದೆ. ಬಿಸಿಲಿನಲ್ಲಿ ಅದು ಒಡೆದು, ಕ್ಯಾಟೆಚಿನ್ ಎಂಬ ಒಗರಾದ ದ್ರವ್ಯಗಳು ಹೆಚ್ಚುತ್ತವೆ. ನೆರಳಿನಲ್ಲಿ ಈ ಮಾರ್ಪಾಡು ಕುಂಠಿತವಾಗುವುದರಿಂದ ಥಿಯನೀನ್ ಎಲೆಯಲ್ಲಿಯೇ ಉಳಿಯುತ್ತದೆ. ಅದು ನಾಲಗೆಗೆ ಕೊಡುವುದು ‘ಉಮಾಮಿ’ ಎಂಬ ತುಂಬುರುಚಿಯನ್ನು. ೧೯೦೮ರಲ್ಲಿ ಇಕೆಡ ಕಿಕುನಯೆ ಎಂಬ ರಸಾಯನವಿಜ್ಞಾನಿಯು ಕಡಲಪಾಚಿಯ ಸಾರಿನಲ್ಲಿ ಗುರುತಿಸಿ ಹೆಸರಿಟ್ಟ ರುಚಿ ಇದೇ.

ಇನ್ನು ನೀರಿನ ವಿಚಾರ. ಎಲೆಯೊಳಗಿನ ಅಣುಗಳು ನೀರಿಗೆ ಹರಡುವ ವೇಗವು ಉಷ್ಣತೆಯೊಡನೆ ಹೆಚ್ಚುತ್ತದೆ. ಆದರೆ ಎಲ್ಲ ದ್ರವ್ಯಗಳಿಗೂ ಸಮನಾಗಿ ಅಲ್ಲ. ಅಮೈನೋ ಆಮ್ಲಗಳು ೫೦–೬೦ ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿಯೂ ಸುಲಭವಾಗಿ ಹೊರಬರುತ್ತವೆ. ಒಗರಾದ ಕ್ಯಾಟೆಚಿನ್‌ಗಳೂ ಕಹಿಯಾದ ಕೆಫೀನೂ ಹೇರಳವಾಗಿ ಬರಲು ಇನ್ನೂ ಹೆಚ್ಚಿನ ಬಿಸಿ ಬೇಕು. ಕುದಿನೀರು ಎಲ್ಲವನ್ನೂ ಒಮ್ಮೆಲೇ ಸೆಳೆದು, ಒಗರು ಕಹಿಗಳಲ್ಲಿ ಉಮಾಮಿಯನ್ನು ಮುಚ್ಚಿಬಿಡುತ್ತದೆ.

ಆದ್ದರಿಂದ ಜಪಾನೀಯರು ಕುದಿದ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದು ಆರಿಸುತ್ತಾರೆ. ತಣ್ಣನೆಯ ಪಾತ್ರೆಯು ಶಾಖವನ್ನು ಹೀರುತ್ತದೆ; ಆವಿಯು ಮತ್ತಷ್ಟನ್ನು ಒಯ್ಯುತ್ತದೆ. ಬಳಿಕ ಸ್ವಲ್ಪವೇ ನೀರನ್ನು ಎಲೆಯ ಮೇಲೆ ಹಾಕಿ ಸುಮಾರು ಎರಡು ನಿಮಿಷ ಬಿಡುತ್ತಾರೆ. ದೊರೆಯುವುದು ಕೆಲವೇ ಗುಟುಕು. ತಿಳಿಸಾರಿನಂತೆ ಗಾಢ, ಒಗರು ಅತ್ಯಲ್ಪ. ಅದೇ ಎಲೆಗೆ ಎರಡನೆಯ ಸಲ ಇನ್ನೂ ಬಿಸಿಯಾದ ನೀರನ್ನು ಹಾಕಿದಾಗ ಒಗರು ತಲೆದೋರುತ್ತದೆ.

ಗ್ಯೊಕುರೊ ದುರ್ಲಭವಾದರೂ ವಿದ್ಯಾರ್ಥಿಗಳು ಈ ತತ್ತ್ವವನ್ನು ಪರೀಕ್ಷಿಸಬಹುದು. ಯಾವುದಾದರೂ ಹಸಿರು ಚಹಾವನ್ನು ಸಮತೂಕವಾಗಿ ಎರಡು ಬಟ್ಟಲುಗಳಲ್ಲಿ ಹಾಕಿ, ಒಂದಕ್ಕೆ ೬೦ ಡಿಗ್ರಿಯ, ಇನ್ನೊಂದಕ್ಕೆ ೯೫ ಡಿಗ್ರಿಯ ನೀರನ್ನು ಸಮಪ್ರಮಾಣದಲ್ಲಿ ಎರೆಯಿರಿ. ಎರಡು ನಿಮಿಷಗಳ ತರುವಾಯ ಸೋಸಿ, ಎರಡೂ ಸಮನಾಗಿ ಆರಿದ ಮೇಲೆ ರುಚಿ ನೋಡಿ. ನೀರಿನ ಉಷ್ಣತೆಯೊಂದನ್ನುಳಿದು ಮಿಕ್ಕೆಲ್ಲವೂ ಸಮನಾಗಿರುವುದರಿಂದ, ನಾಲಗೆಗೆ ತೋರುವ ಭೇದಕ್ಕೆ ಕಾರಣ ಯಾವುದೆಂಬುದು ತಾನಾಗಿಯೇ ಸ್ಪಷ್ಟವಾಗುವುದು.