ಆಟದ ವೀರನು ಬೆಳೆಯುವ ಬಗೆ

ಪಾತ್ರ ವಹಿಸಿ ಆಡುವ ವಿಡಿಯೋ ಆಟಗಳಲ್ಲಿ ವೀರನು ಕಾಳಗಗಳನ್ನು ಗೆದ್ದಂತೆಲ್ಲ ಅನುಭವದ ಅಂಕಗಳನ್ನು ಗಳಿಸಿ ಮೇಲಿನ ಮಟ್ಟಕ್ಕೆ ಏರುವನು. ಈ ಏರ್ಪಾಡಿನ ಮೂಲವಿರುವುದು ಕಾಗದ ಮತ್ತು ದಾಳಗಳಿಂದ ಆಡುವ ಆಟದಲ್ಲಿ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ಯೋಧನಿಗೆ ಎರಡನೆಯ ಮಟ್ಟಕ್ಕೆ 2,000, ಮೂರನೆಯದಕ್ಕೆ 4,000, ನಾಲ್ಕನೆಯದಕ್ಕೆ 8,000 ಅಂಕಗಳು ಬೇಕಾಗಿದ್ದವು. ಮೊದಲ ಏರಿಕೆ ಬೇಗ ದೊರೆತು ಹುರುಪು ಹುಟ್ಟಿಸುವುದು. ಮುಂದಿನವು ಕಷ್ಟಸಾಧ್ಯವಾದುದರಿಂದಲೇ ಬೆಲೆಯುಳ್ಳವಾಗುವುವು.

ಆದರೆ ಅಂಕಿ ಏರಿದ ಮಾತ್ರಕ್ಕೆ ತೃಪ್ತಿಯುಂಟಾಗುವುದೆ? ಲೆಕ್ಕ ಹಾಕಿ ನೋಡೋಣ. ವೀರನ ಹೊಡೆತದ ಬಲ 10, ವೈರಿಯ ತ್ರಾಣ 30 ಎಂದಿಟ್ಟುಕೊಂಡರೆ, ಗೆಲ್ಲಲು ಮೂರು ಹೊಡೆತ ಬೇಕು. ಬಲ 15ಕ್ಕೆ ಏರಿದರೆ ಎರಡೇ ಸಾಕು. ಅದರೊಡನೆ ವೈರಿಯ ತ್ರಾಣವೂ 45ಕ್ಕೆ ಏರಿದರೆ? ಮತ್ತೆ ಮೂರೇ! ವೀರನು ಬೆಳೆದರೂ ಆಟ ಬದಲಾಗಲಿಲ್ಲ.

1997ರಲ್ಲಿ ಜಪಾನಿನಲ್ಲಿ ಹೊರಬಂದ 'ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್' ಎಂಬ ಯುದ್ಧತಂತ್ರದ ಆಟ ಬೇರೊಂದು ದಾರಿ ಹಿಡಿಯಿತು. ಅದರಲ್ಲಿ ಸೈನಿಕನು ಒಂದು ವೃತ್ತಿಯಲ್ಲಿ ಕಲಿತ ವಿದ್ಯೆಯನ್ನು ಮತ್ತೊಂದು ವೃತ್ತಿಗೆ ಒಯ್ಯಬಲ್ಲನು. ಔಷಧ ಪ್ರಯೋಗವನ್ನು ಕಲಿತವನು ಮುಂದೆ ಕತ್ತಿ ಹಿಡಿದ ಯೋಧನಾದಾಗಲೂ ಗಾಯಾಳುವಿಗೆ ಮದ್ದು ಕೊಡಬಲ್ಲನು. ಅಲ್ಲಿ ನೆಲಕ್ಕೆ ಬಿದ್ದ ಸಾಮಾನ್ಯ ಸೈನಿಕನನ್ನು ಕೆಲವೇ ಸರದಿಗಳೊಳಗೆ ಎಬ್ಬಿಸದಿದ್ದರೆ ಅವನು ಶಾಶ್ವತವಾಗಿ ಕೈಬಿಟ್ಟು ಹೋಗುವನು. ಹಾಗಾಗಿ ಆ ವಿದ್ಯೆ ಒಂದು ಜೀವದ ಮಾತು. ಆದರೆ ತನ್ನ ವೃತ್ತಿಯ ವಿದ್ಯೆಯ ಜೊತೆಗೆ ಇನ್ನೊಂದೇ ವೃತ್ತಿಯ ಕ್ರಿಯೆಗಳನ್ನು ಕಾಳಗಕ್ಕೆ ಒಯ್ಯಲು ಸಾಧ್ಯ; ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆಟಗಾರನೇ ನಿರ್ಧರಿಸಬೇಕು.

ನಿನ್ನೆ ಅಸಾಧ್ಯವಾಗಿದ್ದ ಕಾರ್ಯ ಇಂದು ತನ್ನ ಆಯ್ಕೆಯಿಂದ ಸಾಧ್ಯವಾಯಿತೆಂದು ಆಟಗಾರನಿಗೆ ತೋರಿದಾಗಲೇ ಬೆಳವಣಿಗೆ ಸಾರ್ಥಕವೆನಿಸುವುದು.