ಎರಡು ಪರದೆಯ ಗಣಕಯಂತ್ರ: ಕಾರ್ಡು ಮತ್ತು ಮಾನಿಟರುಗಳ ಆಯ್ಕೆ

ಒಂದು ಗಣಕಯಂತ್ರಕ್ಕೆ ಎರಡು ಮಾನಿಟರುಗಳೇಕೆ? ಅದು ಕೇವಲ ಆಡಂಬರವೆಂದು ಹಲವರ ಭಾವನೆ. ಇದಕ್ಕೆ ನಮ್ಮ ನಾಡಿನ ತಾಲ್ಲೂಕು ಕಚೇರಿಗಳೇ ಉತ್ತರ ಕೊಟ್ಟಿವೆ. ಹಿಂದೆ ಪಹಣಿಯೆಂಬುದು ಪಟವಾರಿಯ ಕೈಬರಹದ ಪುಸ್ತಕದಲ್ಲಿ ಇರುತ್ತಿದ್ದಿತು. ಅಕ್ಷರ ಬಾರದ ರೈತನಿಗೆ ಅದು ಮುಚ್ಚಿದ ಪೆಟ್ಟಿಗೆ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ಆಗ 15 ರೂಪಾಯಿಗೆ ಪಹಣಿ ಕೊಡುತ್ತಿದ್ದ ಕೇಂದ್ರಗಳಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನೂ ಇರಿಸಿದರು. ತನ್ನ ಕೆಲಸ ನಡೆಯುವುದನ್ನು ರೈತನು ತಾನೇ ನೋಡಲೆಂಬುದು ಅದರ ಉದ್ದೇಶ.

ನಮ್ಮ ಮನೆತನದಲ್ಲಿ ಪದವಿ ತರಗತಿಗೆ ಬಂದವನು ನಾನೇ ಮೊದಲಿಗ. ಆದುದರಿಂದ ಸಾಲಗುಂದದಲ್ಲಿ ಅರ್ಜಿ ತುಂಬುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತದೆ. ಪಹಣಿಯ ಹೆಸರೂ ಆಧಾರಿನ ಹೆಸರೂ ಒಂದಕ್ಕೊಂದು ಹೊಂದದಿದ್ದರೆ ಸಹಾಯಧನವೂ ಸಾಲವೂ ನಿಂತುಹೋಗುವ ಸಂಭವವಿದೆ. ಇಂಥ ಕೆಲಸಕ್ಕೆ ಯಂತ್ರ ಕೊಳ್ಳುವವರು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೆಯದಾಗಿ, ಗ್ರಾಫಿಕ್ಸ್ ಕಾರ್ಡು. 1920×1080 ಅಳತೆಯ ಪರದೆಯಲ್ಲಿ 20,73,600 ಚುಕ್ಕೆಗಳಿವೆ. ಚುಕ್ಕೆಗೆ 4 ಬೈಟಿನಂತೆ ಲೆಕ್ಕ ಹಾಕಿದರೆ ಒಂದು ಚಿತ್ರಕ್ಕೆ ಬೇಕಾಗುವುದು ಸುಮಾರು 8 ಮೆಗಾಬೈಟು ಮಾತ್ರ. ಎರಡು ಪರದೆಗೆ ಅದು 16. ಹಾಗಿರುವಾಗ ಬರಹದ ಕೆಲಸಕ್ಕೆ ಹೆಚ್ಚು ಜ್ಞಾಪಕಶಕ್ತಿಯ ದುಬಾರಿ ಕಾರ್ಡು ಅನಾವಶ್ಯಕ. ಇಂಟೆಲ್ ಕಂಪೆನಿಯ 2012ರ ಐವಿ ಬ್ರಿಡ್ಜ್ ಪೀಳಿಗೆಯಲ್ಲಿಯೇ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಮೂರು ಪರದೆಗಳನ್ನು ನಡೆಸಬಲ್ಲದಾಗಿತ್ತು. ಆದರೆ ಆ ಕಂಪೆನಿಯ ಪ್ರೊಸೆಸರಿನ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಎಂದಿದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲವೆಂದು ತಿಳಿಯಬೇಕು. ಆಗ ಕಾರ್ಡು ಬೇಕೇ ಬೇಕು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಿಂದ ಕಾರ್ಡಿಗೆ ದೊರೆಯುವುದು ಹೆಚ್ಚೆಂದರೆ 75 ವ್ಯಾಟು. ಇಷ್ಟರಲ್ಲಿ ನಡೆಯುವ ಕಾರ್ಡನ್ನೇ ಆರಿಸಿದರೆ ಕರೆಂಟು ಹೋದಾಗ ಯುಪಿಎಸ್‌ಗೂ ಭಾರವಾಗದು.

ಎರಡನೆಯದು, ಜೋಡಣೆ. ಕಾರ್ಡಿನಲ್ಲಿ ನಾಲ್ಕು ಪೋರ್ಟುಗಳಿದ್ದ ಮಾತ್ರಕ್ಕೆ ನಾಲ್ಕೂ ಏಕಕಾಲಕ್ಕೆ ನಡೆಯುವುವೆಂಬ ನಿಯಮವಿಲ್ಲ; ವಿವರಪತ್ರದಲ್ಲಿ ಪರದೆಗಳ ಸಂಖ್ಯೆಯನ್ನು ನೋಡಿಯೇ ಕೊಳ್ಳಬೇಕು. ಹಳೆಯ ವಿಜಿಎ ಮಾನಿಟರನ್ನು ಎಚ್‌ಡಿಎಂಐ ಪೋರ್ಟಿಗೆ ಜೋಡಿಸಲು ಬರಿಯ ತಂತಿ ಸಾಲದು. ಮೊದಲನೆಯದು ಅನಲಾಗ್, ಎರಡನೆಯದು ಡಿಜಿಟಲ್. ನಡುವೆ ಪರಿವರ್ತಕ ಬೇಕು.

ಮೂರನೆಯದು, ಮಾನಿಟರು. ದೊಡ್ಡದೆಲ್ಲ ಒಳ್ಳೆಯದಲ್ಲ. 1920×1080 ಚುಕ್ಕೆಗಳು 24 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 92ರಂತೆ ಹರಡುತ್ತವೆ. 27 ಇಂಚಿನಲ್ಲಿ ಸುಮಾರು 82 ಮಾತ್ರ. ಇಂಗ್ಲಿಷಿಗೆ ಇದು ನಡೆದೀತು. ಆದರೆ ಕನ್ನಡದ ಒತ್ತಕ್ಷರ ಬಹು ಸಣ್ಣದು. ನಿಂಗಪ್ಪನಿಗೂ ನಿಂಗವ್ವಳಿಗೂ ಪರದೆಯ ಮೇಲೆ ಇರುವ ಅಂತರ ‘ಪ’ಕಾರ, ‘ವ’ಕಾರಗಳ ಒಂದು ಸೂಕ್ಷ್ಮ ಗೆರೆಯಷ್ಟೆ. ಆ ಗೆರೆ ಮಸುಕಾದರೆ ಹೊಲವೇ ಬೇರೆಯವರ ಹೆಸರಿಗೆ ಕಂಡೀತು. ಅಲ್ಲದೆ ಅಗ್ಗದ ಟಿಎನ್ ಪರದೆಯನ್ನು ಓರೆಯಿಂದ ನೋಡಿದರೆ ಬಣ್ಣ ಕೆಡುತ್ತದೆ. ಎದುರಿನವರು ನಾಲ್ಕು ಜನ ಕೂಡಿ ನೋಡುವುದಾದರೆ ಐಪಿಎಸ್ ಪರದೆಯೇ ಯೋಗ್ಯ.

ಕೊನೆಯದಾಗಿ, ಒಬ್ಬನೇ ಕುಳಿತು ಹಳೆಯ ದಾಖಲೆ ನೋಡಿ ಬೆರಳಚ್ಚು ಮಾಡುವಾಗ ಪರದೆಗಳನ್ನು ‘ವಿಸ್ತರಿಸಿ’ ಇಟ್ಟುಕೊಳ್ಳಬೇಕು. ಎದುರಿಗೆ ಅರ್ಜಿದಾರನಿರುವಾಗ ಎರಡರಲ್ಲೂ ಒಂದೇ ಚಿತ್ರ ಕಾಣಬೇಕು. ಓದು ಬಾರದವರಿಗೆ ಪರದೆಯಿಂದೇನು ಎಂದು ಕೇಳಬಹುದು. ತನ್ನ ಸರ್ವೆ ನಂಬರಿನ ಅಂಕೆಗಳನ್ನೂ ಎಕರೆ ಗುಂಟೆಯನ್ನೂ ಗುರುತಿಸಬಲ್ಲ ರೈತರು ನಮ್ಮಲ್ಲಿ ಎಷ್ಟೋ ಮಂದಿ. ಉಳಿದವರ ಜೊತೆಗೆ ಶಾಲೆಗೆ ಹೋಗುವ ಮಗಳಿರುತ್ತಾಳೆ. ಮುಂದೆ ಮೇಜಿನ ಈಚೆ ಕುಳಿತುಕೊಳ್ಳಲಿರುವ ಸಹಪಾಠಿ ಮಿತ್ರರು ಕಾರ್ಡಿನಲ್ಲಿ ಉಳಿಸಿದ ಹಣವನ್ನು ಆಚೆಯವರ ಪರದೆಗೆ ವಿನಿಯೋಗಿಸಲಿ.