ಎಳ್ಳಿನ ಕೆಲಸ ಮಕ್ಕಳಿಗೆ ಬಿಡು

 

ಈ ಸಲ ಸಂಕ್ರಾಂತಿಗೆ ಎಳ್ಳಿನ ಪ್ಯಾಕೆಟ್ ತಂದು, ಮಕ್ಕಳಿಗೆ ಹೊಸ ಬಟ್ಟೆ ಹಾಕಿ ಬೀರಲು ಕಳಿಸಿಬಿಡುತ್ತೇನೆ ಅಂದೆಯಲ್ಲ. ತಂದರೆ ತಪ್ಪೇನಿಲ್ಲ. ಗಾಂಧಿಬಜಾರಿನಲ್ಲಿ, ಮಲ್ಲೇಶ್ವರದಲ್ಲಿ ಹಬ್ಬಕ್ಕೆ ಮೊದಲೇ ಎಲ್ಲವೂ ಸಿಗುತ್ತದೆ. ಕೆಲಸಕ್ಕೆ ಹೋಗುವವಳು ರಾತ್ರಿಯೆಲ್ಲ ಕೊಬ್ಬರಿ ಹೆಚ್ಚುತ್ತಾ ಕೂರಬೇಕು ಅಂತ ನಾನೇನೂ ಹೇಳುವುದಿಲ್ಲ. ಹೆಚ್ಚಬೇಕಾದವಳು ನೀನಲ್ಲ, ನಿನ್ನ ಮಕ್ಕಳು. ಅದನ್ನು ಹೇಳಲಿಕ್ಕೇ ಈ ಕಾಗದ.

ಹೋಳಿಗೆ ತಟ್ಟಲು ಕೈ ಪಳಗಿರಬೇಕು, ಚಕ್ಕುಲಿಗೆ ಕಾದ ಎಣ್ಣೆಯ ಮುಂದೆ ನಿಲ್ಲಬೇಕು. ಎಳ್ಳಿಗೆ ಆ ಗೋಜಿಲ್ಲ. ಬಿಳಿ ಎಳ್ಳು, ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ, ಇಷ್ಟೇ ಸಾಮಾನು. ಒಲೆ ಬೇಕಾಗುವುದು ಎಳ್ಳು, ಬೀಜ ಹುರಿಯಲು ಮಾತ್ರ. ಅದನ್ನು ನೀನು ಮಾಡಿಕೊಡು. ಹುರಿದ ಬೀಜ ಆರಿದ ಮೇಲೆ ಅಂಗೈಯಲ್ಲಿ ಉಜ್ಜಿ, ಎರಡು ಹೋಳು ಮಾಡಿ, ಮೊರದಲ್ಲಿ ಕೇರುವುದು ಚಿಕ್ಕವನ ಪಾಲಿಗಿರಲಿ. ಸಿಪ್ಪೆ ಮನೆಯೆಲ್ಲ ಹಾರುತ್ತದೆ ಅನ್ನುವ ಚಿಂತೆಯಿದ್ದರೆ ಬಾಲ್ಕನಿಯಲ್ಲಿ ಕೂರಿಸು. ಕೊಬ್ಬರಿಯ ಮೇಲಿನ ಕಂದು ಸಿಪ್ಪೆಯನ್ನು ತುರಿಮಣೆಯಲ್ಲಿ ಹೆರೆಯುವುದು ದೊಡ್ಡವಳಿಗೆ. ಹೆರೆದ ಪುಡಿಯನ್ನು ಎಸೆಯಬೇಡ, ಚಟ್ನಿಪುಡಿಗೆ ಆಗುತ್ತದೆ. ಹೆಚ್ಚುವುದಕ್ಕೆ ಚಾಕುವಿಗಿಂತ ಅಡಕತ್ತರಿ ವಾಸಿ, ಆದರೂ ನೀನು ಪಕ್ಕದಲ್ಲಿ ಕೂತಿರು.

ಆಮೇಲೆ ಒಣಗಿಸುವುದು. ನನ್ನ ಕೇಳಿದರೆ ಇಡೀ ಹಬ್ಬದಲ್ಲಿ ಮಕ್ಕಳಿಗೆ ವಹಿಸಬೇಕಾದ ದೊಡ್ಡ ಕೆಲಸ ಇದೇ. ಕೊಬ್ಬರಿ, ಬೆಲ್ಲದ ಚೂರುಗಳನ್ನು ಬೇರೆ ಬೇರೆ ತಟ್ಟೆಯಲ್ಲಿ ಹರಡಿ, ತೆಳ್ಳನೆಯ ಪಂಚೆ ಮುಚ್ಚಿ, ಎರಡು ಮೂರು ದಿನ ಬಿಸಿಲಿಗಿಡಬೇಕು. ನೆರಳು ಬಂದ ಕಡೆಯಿಂದ ತಟ್ಟೆ ಸರಿಸಬೇಕು, ಪಾರಿವಾಳ ಓಡಿಸಬೇಕು, ಸಂಜೆ ಮಂಜು ಬೀಳುವ ಮೊದಲು ಒಳಗೆ ತರಬೇಕು. ಮರೆತರೆ ಕೊಬ್ಬರಿ ಮುಗ್ಗುತ್ತದೆ, ಬೆಲ್ಲ ಜಿನುಗುತ್ತದೆ. ಮರೆತರೆ ಮರೆಯಲಿ, ಮಾರನೆಯ ದಿನ ಅವರೇ ಮತ್ತೆ ಇಡುತ್ತಾರೆ. ನೀನು ಗಂಟೆಗೊಮ್ಮೆ ಎಚ್ಚರಿಸುತ್ತಿದ್ದರೆ ಆ ಕೆಲಸ ಮತ್ತೆ ನಿನ್ನದೇ ಆಗಿಬಿಡುತ್ತದೆ. ಇನ್ನೊಂದು, ಅವರು ಹೆಚ್ಚಿದ್ದು ಒಂದು ಕಡ್ಡಿಯಷ್ಟು, ಒಂದು ಉಗುರಿನಷ್ಟು ಇರುತ್ತದೆ. ಮಕ್ಕಳು ಮಲಗಿದ ಮೇಲೆ ಕೂತು ಅದನ್ನೆಲ್ಲ ಒಂದೇ ಸಮ ಮಾಡಲು ಹೋಗಬೇಡ. ತಮ್ಮ ಚೂರು ಯಾವುದು ಅಂತ ಅವರಿಗೆ ಗೊತ್ತಿರುತ್ತದೆ. ಅದೇ ಚೂರು ಎದುರು ಮನೆಯ ಅಜ್ಜಿಯ ಬಾಯಿಗೆ ಹೋಗಬೇಕು.

ಸಕ್ಕರೆ ಅಚ್ಚಿನ ಪಾಕದ ಹತ್ತಿರ ಮಾತ್ರ ಮಕ್ಕಳನ್ನು ಬಿಡಬೇಡ, ಚರ್ಮಕ್ಕೆ ಅಂಟಿದರೆ ಬೊಬ್ಬೆ ಏಳುತ್ತದೆ. ಅವರಿಗೆ ಬೇರೆ ಕೆಲಸವಿದೆ: ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಆನೆಗೆ ಆನೆಯ ಹೋಳು, ತುಳಸಿಕಟ್ಟೆಗೆ ತುಳಸಿಕಟ್ಟೆಯ ಹೋಳು ಹುಡುಕಿ ಜೋಡಿಸುವುದು. ಮುರಿದ ಸಕ್ಕರೆ ಅಚ್ಚು ಯಾರಿಗೆ ಅನ್ನುವುದನ್ನು ಮೊದಲೇ ತೀರ್ಮಾನಿಸಿಡು, ಜಗಳ ತಪ್ಪುತ್ತದೆ. ನಿನ್ನ ಅತ್ತೆ ಧಾರವಾಡದವರಲ್ಲವೇ, ಕುಸುರೆಳ್ಳು ಮಾಡಿ ತೋರಿಸಲು ಅವರನ್ನು ಕೇಳು. ಸಣ್ಣ ಉರಿಯಲ್ಲಿ ಎಳ್ಳಿಗೆ ಚೂರುಚೂರೇ ಪಾಕ ಹಾಕಿ ಕೈಯಾಡಿಸುತ್ತಾ ಹೋದರೆ ಮೈತುಂಬ ಮುಳ್ಳು ಏಳುವುದನ್ನು ಮಕ್ಕಳು ದೂರದಿಂದಾದರೂ ನೋಡಲಿ. ಹಬ್ಬದ ಹಿಂದಿನ ರಾತ್ರಿ ಅವರೆಕಾಳು ನೆನೆಹಾಕಿದರೆ ಬೆಳಿಗ್ಗೆ ಹಿದುಕುವುದಕ್ಕೆ ನೀನು ಕರೆಯಬೇಕಾಗಿಯೇ ಇಲ್ಲ. ಖಾರದ ಹುಗ್ಗಿಗೆ ಎಷ್ಟು ಉಳಿಯುತ್ತದೋ, ಗೋಡೆಗೆ ಎಷ್ಟು ಹಾರುತ್ತದೋ!

ದೊಡ್ಡವಳು ಪ್ರಶ್ನೆ ಕೇಳುತ್ತಾಳೆ. ಶಾಲೆಯ ಪುಸ್ತಕದಲ್ಲಿ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ ಅಂತಿದೆ, ನಾವೇಕೆ ಜನವರಿಯಲ್ಲಿ ಹಬ್ಬ ಮಾಡುತ್ತೇವೆ ಅಂದರೆ ‘ಶಾಸ್ತ್ರ, ಸುಮ್ಮನಿರು’ ಅನ್ನಬೇಡ. ನಮ್ಮ ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಲೆಕ್ಕದಲ್ಲಿ ನೋಡುತ್ತದೆ. ಭೂಮಿಯ ಅಕ್ಷ ಬಹಳ ನಿಧಾನವಾಗಿ ಓಲಾಡುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಬ್ಬ ಮುಂದೆ ಸರಿಯುತ್ತಿದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಟ್ಟಿಗೇ ಬರುತ್ತಿದ್ದವು. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಆ ವರ್ಷದ ಸಂಕ್ರಾಂತಿಯ ದಿನವೇ. ಈಗ ನಮಗೆ ಹಬ್ಬ 14 ಇಲ್ಲವೇ 15ಕ್ಕೆ. ಇಷ್ಟು ಹೇಳಿ, ಕ್ಯಾಲೆಂಡರ್ ಕೈಗೆ ಕೊಟ್ಟು, ಉಳಿದ ಲೆಕ್ಕವನ್ನು ಅವಳಿಗೇ ಬಿಡು.

ಎಳ್ಳು ಬೀರುವುದು ಹೆಣ್ಣುಮಕ್ಕಳ ಕೆಲಸ ಅಂತ ನಮ್ಮ ಕಡೆ ರೂಢಿ. ಚಿಕ್ಕವನೂ ತಟ್ಟೆ ಹಿಡಿದು ಹೋಗಲಿ. ಬೀಜ ಉಜ್ಜಿದವನು ಅವನು ತಾನೆ? ಯಾವ ಯಾವ ಮನೆಗೆ ಅನ್ನುವ ಪಟ್ಟಿ ಇಬ್ಬರೂ ಕೂತು ಬರೆಯಲಿ, ಅದರಲ್ಲಿ ವಾಚ್‌ಮನ್ ಮನೆ ಬಿಟ್ಟುಹೋಗದಂತೆ ನೋಡಿಕೊ. ಕಡಲೆಕಾಯಿ ಬೀಜ ಒಗ್ಗದ ಮಕ್ಕಳು ಈಗ ಅಲ್ಲಲ್ಲಿ ಇದ್ದಾರೆ, ಮೊದಲೇ ವಿಚಾರಿಸು. ನಿನ್ನ ತಂಗಿಯ ಕೂಸಿಗೆ ಸಂಜೆ ಎಲಚಿಹಣ್ಣು, ಕಬ್ಬಿನ ಚೂರು ಎರೆಯುವಾಗ ಒಂದನ್ನೂ ಬಾಯಿಗೆ ಹಾಕಿಕೊಳ್ಳದಂತೆ ಒಬ್ಬರು ಹತ್ತಿರವೇ ಇರಬೇಕು. ಬೀಜ, ಹುರಿಗಡಲೆಯೂ ಆ ವಯಸ್ಸಿಗೆ ಗಂಟಲಿಗೆ ಸಿಕ್ಕುವ ವಸ್ತುಗಳೇ.

ಮರದ ಅಚ್ಚುಗಳು ನಮ್ಮ ಅಟ್ಟದ ಟ್ರಂಕಿನಲ್ಲಿವೆ. ಬರುವ ಭಾನುವಾರ ಮಕ್ಕಳ ಜೊತೆ ಬಂದು ಒಯ್ಯಿ. ರಥದ ಅಚ್ಚಿನ ಒಂದು ಹೋಳು ಸ್ವಲ್ಪ ಬಿರುಕು ಬಿಟ್ಟಿದೆ, ದಾರ ಬಿಗಿಯಾಗಿ ಸುತ್ತಿದರೆ ಇನ್ನೂ ನಡೆಯುತ್ತದೆ.

ಇಂತು,
ನಿನ್ನ ದೊಡ್ಡಮ್ಮ